ನಿರುಪಮಾಳ ಕಲ್ಲಿಗೆ ಒಂದು ಗುರುತು

ಮಾರಿಸ್‌ಟೌನ್, ನ್ಯೂಜೆರ್ಸಿ
೧೪ ಮೇ ೧೯೭೨

ಪೂಜ್ಯ ರಾಜಿ ಅಕ್ಕನವರಿಗೆ ಗುರುರಾಜನ ನಮಸ್ಕಾರಗಳು.

ಸಂಗತಿಗಳನ್ನು ಮೊದಲು ಕ್ರಮವಾಗಿ ಬರೆಯುತ್ತೇನೆ.

೧. ನಿಮ್ಮ ತಂಗಿ, ನನ್ನ ಹೆಂಡತಿ ನಿರುಪಮಾ ಫೆಬ್ರವರಿ ೯ರ ಬುಧವಾರ ಬೆಳಿಗ್ಗೆ ೬ ಗಂಟೆ ೪೦ ನಿಮಿಷಕ್ಕೆ ಇಲ್ಲಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ತಂತಿಯಲ್ಲಿ ತಿಳಿಸಿದ್ದೆ.

೨. ೧೨ರ ಶನಿವಾರ, ಅವಳ ಚರ್ಚಿನ ಹಿಂದಿನ ಗುಡ್ಡದ ಸ್ಮಶಾನದಲ್ಲಿ ಹೂಳಲಾಯಿತು. ನೆಲ ಒಂದೂವರೆ ಅಡಿ ಆಳಕ್ಕೆ ಹೆಪ್ಪುಗಟ್ಟಿತ್ತು, ಯಂತ್ರ ತರಿಸಬೇಕಾಯಿತು.

೩. ಈಗ ಅಲ್ಲಿರುವುದು ಒಂದು ತಗಡಿನ ಫಲಕ ಮತ್ತು ಟೈಪ್ ಮಾಡಿದ ಹೆಸರು.

೪. ಮಣ್ಣು ಕೂತ ಮೇಲೆ ಕಲ್ಲು ನಿಲ್ಲಿಸಬಹುದು. ನಕ್ಷೆಯೊಡನೆ ಅರ್ಜಿಯನ್ನು ಸೆಪ್ಟೆಂಬರ್ ೩೦ರ ಒಳಗೆ ಕೊಡಬೇಕು.

೫. ಹೆಸರು, ತಾರೀಖುಗಳ ಹೊರತಾಗಿ ಕಲ್ಲಿನ ಮೇಲೆ ಒಂದೇ ಒಂದು ಗುರುತು ಇರಬಹುದು. ಆರು ಇಂಚು ಮೀರಬಾರದು. ಅದು ಕ್ರೈಸ್ತರದೆಂದು ಪಾದ್ರಿಗಳು ಒಪ್ಪಬೇಕು.

೬. ಏನು ಬೇಕೆಂದು ಅವಳು ಹೇಳಲಿಲ್ಲ. ನಾನು ಕೇಳಲಿಲ್ಲ.

ಕಲ್ಲು ಕೆತ್ತುವವನ ಬಳಿ ಮಾದರಿಗಳ ಪುಸ್ತಕವಿದೆ. ಶಿಲುಬೆ ಒಂಬತ್ತು ಬಗೆ, ಲಿಲ್ಲಿ ಹೂವು ನಾಲ್ಕು ಬಗೆ, ಪ್ರಾರ್ಥನೆಗೆ ಜೋಡಿಸಿದ ಕೈಗಳು ಎರಡು ಬಗೆ. ಇಂಥ ಕೈಗಳನ್ನು ಯಾರದೋ ಗೋರಿಯ ಮೇಲೆ ಕಂಡಾಗ ನಿರುಪಮಾ, "ಮುಂಗೈತನಕ ಕತ್ತರಿಸಿ ಇಟ್ಟಾರಲ್ರೀ, ಉಳಿದ ಮನಶ್ಯಾ ಎಲ್ಲಿ ಹೋದ?" ಎಂದು ನಕ್ಕಿದ್ದಳು. ಆದ್ದರಿಂದ ಪುಸ್ತಕವನ್ನು ಮುಚ್ಚಿ ಹಿಂದಿರುಗಿಸಿದೆ.

ನನ್ನ ಕೆಲಸ ನಿಮಗೆ ಗೊತ್ತಿದೆ. ಪಂಪುಗಳ ನಕ್ಷೆ ತಯಾರಿಸುತ್ತೇನೆ. ಪ್ರತಿ ನಕ್ಷೆಯ ಮೂಲೆಯಲ್ಲಿ ಒಂದು ಪಟ್ಟಿ ಇರುತ್ತದೆ: ಈ ಗುರುತಿಗೆ ಈ ಅರ್ಥ. ಒಂದು ಗುರುತಿಗೆ ಎರಡು ಅರ್ಥ ಬಂದರೆ ಕಾರ್ಖಾನೆಯಲ್ಲಿ ಯಾರದಾದರೂ ಬೆರಳು ಹೋಗುತ್ತದೆ. ಅಂಥದೇ ಒಂದು ಪಟ್ಟಿಯನ್ನು ಇದಕ್ಕೂ ಮಾಡೋಣವೆಂದು ನಾಲ್ಕು ಶನಿವಾರ ರೈಲು ಹಿಡಿದು ಮ್ಯಾನ್‌ಹಟನ್ನಿನ ಲೈಬ್ರರಿಗೆ ಹೋದೆ. ಮೊದಲ ಶತಮಾನಗಳ ಕ್ರೈಸ್ತರು ರೋಮಿನಲ್ಲಿ ನೆಲದಡಿಯ ಸುರಂಗಗಳ ಗೋಡೆಗಳಲ್ಲಿ ಗೂಡು ಕೊರೆದು ಸತ್ತವರನ್ನು ಇಡುತ್ತಿದ್ದರು. ಗೂಡಿನ ಬಾಯಿಗೆ ಕಲ್ಲು ಮುಚ್ಚಿ ಅದರ ಮೇಲೆ ಗುರುತು ಕೊರೆಯುತ್ತಿದ್ದರು. ನನಗೆ ಆಶ್ಚರ್ಯವಾದ ಸಂಗತಿಯೆಂದರೆ, ಮೊದಲ ಮೂರು ಶತಮಾನಗಳಲ್ಲಿ ಅಲ್ಲಿ ಶಿಲುಬೆ ಕಾಣುವುದೇ ಅಪರೂಪ. ಕಾಣುವುದು ಲಂಗರು, ಮೀನು, ಚಿಗುರು ಕಚ್ಚಿದ ಪಾರಿವಾಳ, ಹೆಗಲ ಮೇಲೆ ಕುರಿ ಹೊತ್ತ ಕುರುಬ, ನವಿಲು, ಎರಡೂ ಕೈ ಮೇಲೆತ್ತಿ ನಿಂತ ಹೆಂಗಸು.

ನೀವು ಮೂವತ್ತು ವರ್ಷ ಮಿಶನ್ ಶಾಲೆಯಲ್ಲಿ ಬೈಬಲ್ ಪಾಠ ಹೇಳಿದವರು. ಯಾವುದು ಸರಿ ಎಂದು ತಿಳಿಸಬೇಕು. ಮಗಳು ವಿಜಿ ಕ್ಷೇಮವಾಗಿದ್ದಾಳೆ.

ನಿಮ್ಮ
ಗುರುರಾಜ


ಧಾರವಾಡ
೩ ಜೂನ್ ೧೯೭೨

ಗುರುರಾಜ ಅವರಿಗೆ ವಂದನೆಗಳು.

ತಂತಿಯಲ್ಲಿ ಆರು ಶಬ್ದ ಬರೆದಿದ್ದಿರಿ. ಮೂರು ತಿಂಗಳ ಮೇಲೆ ಆರು ಅಂಶ ಬರೆದಿದ್ದೀರಿ. ನಿಮ್ಮ ಮಟ್ಟಿಗೆ ಇದು ದೊಡ್ಡ ಮಾತೇ ಅನ್ನಬೇಕು. ಗಂಟೆ ಬರೆದಿರಿ, ನಿಮಿಷ ಬರೆದಿರಿ, ನೆಲ ಎಷ್ಟು ಅಡಿ ಕಲ್ಲಾಗಿತ್ತು ಅದನ್ನೂ ಬರೆದಿರಿ. ನೀರು ಕೇಳಿದಳೋ ಇಲ್ಲೋ, ನಮ್ಮನ್ನು ನೆನೆಸಿದಳೋ ಇಲ್ಲೋ, ಅದೊಂದು ಬರೀಲಿಲ್ಲ. ಜಡ್ಡು ಶುರುವಾದದ್ದು ದೀಪಾವಳಿಗೆ ಅಂತ ನಾನು ಬೇರೆಯವರ ಬಾಯಿಂದ ಕೇಳಬೇಕಾಯ್ತು. ಹೋಗಲಿ. ಬೈಯಲಿಕ್ಕೆ ಕೂತರೆ ಕಾಗದ ಸಾಲುವುದಿಲ್ಲ.

ನೀವು ಕೇಳಿದ್ದಕ್ಕೆ ಉತ್ತರ: ಲಂಗರು. ನಿರೀಕ್ಷೆಯು ಆತ್ಮಕ್ಕೆ ಲಂಗರು ಇದ್ದಂತೆ ಎಂದು ಬೈಬಲಿನ ಇಬ್ರಿಯರ ಪತ್ರಿಕೆಯಲ್ಲಿದೆ. ಎಷ್ಟು ಗಾಳಿ ಬೀಸಿದರೂ ಹಡಗು ಅಲ್ಲಾಡುವುದಿಲ್ಲ. ಇದಕ್ಕೆ ಯಾವ ಪಾದ್ರಿಯೂ ತಕರಾರು ತೆಗೆಯುವುದಿಲ್ಲ.

ಇನ್ನೊಂದು ಮಾತು ಕೇಳುತ್ತೇನೆ. ಸಿಟ್ಟಾಗಬೇಡಿ. ಅವಳು ಹೋಗುತ್ತಿದ್ದ ಚರ್ಚಿನ ಒಳಗೆ ನೀವು ಎಂದಾದರೂ ಕಾಲಿಟ್ಟಿದ್ದೀರಾ? ಇಲ್ಲಿ ಹೆಣ್ಣುಮಕ್ಕಳು ಕೇಳುತ್ತಾರೆ. ನನ್ನ ಹತ್ತಿರ ಹೇಳಲಿಕ್ಕೆ ಏನೂ ಇಲ್ಲ.

ವಿಜಿಗೆ ಅಗಸಿ ಚಟ್ನಿ ಕಳಿಸಬೇಕಂತ ಇದ್ದೇನೆ. ಬರುವವರು ಯಾರಾದರೂ ಇದ್ದರೆ ತಿಳಿಸಿ.

ರಾಜೀವಿ


ಮಾರಿಸ್‌ಟೌನ್
೨೫ ಜೂನ್ ೧೯೭೨

ಪೂಜ್ಯ ರಾಜಿ ಅಕ್ಕನವರಿಗೆ ನಮಸ್ಕಾರಗಳು.

ನೀರು ಕೇಳಲಿಲ್ಲ. ಹಿಂದಿನ ರಾತ್ರಿ ಹಿಮ ಬೀಳುತ್ತಿತ್ತು. ಕಾರಿನ ಕಿಟಕಿ ಏರಿಸಿದ್ದೀರಾ ಎಂದು ಕೇಳಿದಳು. ಏರಿಸಿದ್ದೇನೆ ಎಂದೆ. ನಾನು ಕೇಳಿಸಿಕೊಂಡ ಅವಳ ಕೊನೆಯ ಮಾತು ಅದು. ನಿಮ್ಮ ಹೆಸರು ಹಿಡಿದದ್ದು ಅದಕ್ಕಿಂತ ಎರಡು ದಿನ ಮೊದಲು. ರಾಜಿ ಅಕ್ಕನಿಗೆ ಬರೆಯಬೇಡಿ, ಅವಳು ಪಾಸ್‌ಪೋರ್ಟ್ ಇಲ್ಲದೆಯೂ ಹೊರಟು ಬಂದಾಳು ಎಂದಳು. ಬರೆಯದಿದ್ದುದಕ್ಕೆ ಇದು ಕಾರಣವೇ ಹೊರತು ಸಮರ್ಥನೆಯಲ್ಲ.

ಲಂಗರಿನ ವಿಷಯ. ಕಲ್ಲು ಕೆತ್ತುವ ಕಾರ್ಮೈನ್ ಇಟಲಿಯಿಂದ ಬಂದವರ ಮೊಮ್ಮಗ, ಅರುವತ್ತೆರಡು ವರ್ಷದವನು. ಲಂಗರೆಂದ ಕೂಡಲೇ, "ನಿಮ್ಮ ಹೆಂಡತಿ ನೌಕಾಪಡೆಯಲ್ಲಿದ್ದರೇ?" ಎಂದು ಕೇಳಿದ. ಇಲ್ಲ, ನರ್ಸ್ ಆಗಿದ್ದಳು ಎಂದೆ. "ಹಾಗಾದರೆ ದೋಣಿ ಇಟ್ಟಿದ್ದರೇ?" ಎಂದ. ಈ ಊರಿನಲ್ಲಿ ಲಂಗರಿಗೆ ಇರುವ ಅರ್ಥ ಇವೆರಡೇ ಎಂದು ತಿಳಿಯಿತು. ಮನೆಗೆ ಬಂದು ವಿಜಿಗೆ ಹೇಳಿದೆ. "ಡ್ಯಾಡ್, ಆರ್ ಯು ಸೀರಿಯಸ್? ಅಮ್ಮಾ ಥ್ರೂ ಅಪ್ ಆನ್ ದ ಸ್ಟ್ಯಾಟನ್ ಐಲೆಂಡ್ ಫೆರ್ರಿ!" ಎಂದಳು. ಅದು ನಿಜ. ಇಪ್ಪತ್ತೈದು ನಿಮಿಷದ ದೋಣಿ ಪ್ರಯಾಣದಲ್ಲಿ ಎರಡು ಸಲ ವಾಂತಿ ಮಾಡಿಕೊಂಡಿದ್ದಳು. ಫೆಬ್ರವರಿಯ ನಂತರ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಆದ್ದರಿಂದ ನನ್ನ ಸೂಚನೆ ನವಿಲು. ಪಟ್ಟಿಯಲ್ಲಿ ಅದರ ಅರ್ಥ ಸ್ಪಷ್ಟವಾಗಿದೆ. ನವಿಲಿನ ಮಾಂಸ ಕೊಳೆಯುವುದಿಲ್ಲವೆಂದು ಆ ಕಾಲದವರು ನಂಬಿದ್ದರು. ಪ್ರತಿ ವರ್ಷ ಗರಿ ಉದುರಿ ಹೊಸತು ಬರುತ್ತದೆ. ಹೀಗಾಗಿ ಸಾವಿಲ್ಲದ ಬದುಕು ಎಂದು ಅರ್ಥ. ಅಲ್ಲದೆ, ಮಿಶನ್ ಕಂಪೌಂಡಿನ ಶೇಂಗಾ ಸಸಿಗಳನ್ನು ನವಿಲುಗಳು ಕಿತ್ತು ತಿನ್ನುತ್ತಿದ್ದುದನ್ನೂ ನೀವು ಪೊರಕೆ ಹಿಡಿದು ಅಟ್ಟುತ್ತಿದ್ದುದನ್ನೂ ಅವಳು ಇಲ್ಲಿ ಎಲ್ಲರಿಗೂ ಅಭಿನಯಿಸಿ ತೋರಿಸುತ್ತಿದ್ದಳು. ನಕ್ಷೆ ಬರೆದು ಇದರೊಂದಿಗೆ ಇಟ್ಟಿದ್ದೇನೆ. ಐದೂಮುಕ್ಕಾಲು ಇಂಚು.

ನಿಮ್ಮ ಇನ್ನೊಂದು ಪ್ರಶ್ನೆಗೆ ಮುಂದೆ ಉತ್ತರಿಸುತ್ತೇನೆ.

ಗುರುರಾಜ


ಧಾರವಾಡ
೧೮ ಜುಲೈ ೧೯೭೨

ಗುರುರಾಜ ಅವರಿಗೆ,

ಕಿಟಕಿಯ ಮಾತು ಓದಿ ಪತ್ರ ಕೆಳಗಿಟ್ಟೆ. ಮರುದಿನ ಉಳಿದದ್ದು ಓದಿದೆ. ಓದಬಾರದಿತ್ತು ಅನಿಸಿತು.

ನವಿಲೇನ್ರೀ! ರೋಮಿನವರ ಪಟ್ಟಿ ಮಾಡಿದಿರಿ, ಧಾರವಾಡದವರ ಪಟ್ಟಿ ಮರೆತುಬಿಟ್ಟಿರೇನು? ನವಿಲು ಯಾವ ದೇವರ ವಾಹನ ಅಂತ ಇಲ್ಲಿ ಒಂದನೇ ಇಯತ್ತೆ ಹುಡುಗಿಯನ್ನು ಕೇಳಿದರೂ ಹೇಳುತ್ತಾಳೆ. ನಮ್ಮ ಅಜ್ಜ ಕ್ರೈಸ್ತರಾಗಿ ದೀಕ್ಷಾಸ್ನಾನ ತೆಗೆದುಕೊಂಡ ದಿನ ಅವರ ಅಣ್ಣ ಬಾಗಿಲು ಹಾಕಿ, ನೀನು ಸತ್ತಿ ಅಂದ. ಬಾವಿಯ ನೀರು ಬಂದ್ ಮಾಡಿದರು. ನಾವು ಮೂರು ತಲೆಮಾರು ಆ ಬಾಗಿಲಿನ ಈಚೆ ನಿಂತು ಬಾಳಿದ್ದೇವೆ. ನಾಳೆ ನೀವು ಕಲ್ಲಿನ ಫೋಟೋ ಕಳಿಸುತ್ತೀರಿ, ನಾನು ನಮ್ಮ ಚರ್ಚಿನ ಸಭೆಯವರಿಗೆ ತೋರಿಸಬೇಕು. ಅವರು ನಿಮ್ಮ ಪಟ್ಟಿ ಓದುವುದಿಲ್ಲ, ಕಲ್ಲು ನೋಡುತ್ತಾರೆ. "ಕಣ್ಣು ಮುಚ್ಚೂತನಕಾ ಕಾದು, ಆಮ್ಯಾಲೆ ತನ್ನ ದೇವರ ಕಡೆ ಎಳಕೊಂಡ ನೋಡವಾ" ಅನ್ನುತ್ತಾರೆ.

ಹದಿನೇಳು ವರ್ಷದ ಹಿಂದೆ ಕಚೇರಿಯಲ್ಲಿ ರುಜು ಹಾಕಿ ಮದುವೆಯಾದಿರಿ. ಪ್ರಾರ್ಥನೆ ಇಲ್ಲ, ಮಂತ್ರ ಇಲ್ಲ. ಅಪ್ಪ ಆ ದಿನ ಊಟ ಬಿಟ್ಟರು. ನಾನು ಸಾಕ್ಷಿಗೆ ಬಂದು ರುಜು ಹಾಕಿದೆ, ಒಂದು ಮಾತೂ ಆಡಲಿಲ್ಲ. ಆ ಮಾತನ್ನು ಈಗ ಆಡುತ್ತೇನೆ. ನನ್ನ ತಂಗಿಯ ಮೇಲೆ ನವಿಲು ಬೇಡ.

ಪೊರಕೆ ಹಿಡಿದು ಓಡುತ್ತಿದ್ದವಳು ಅವಳೇ. ನಾನಲ್ಲ. ಅದನ್ನೂ ತಿರುಗಿಸಿ ಹೇಳಿದ್ದಾಳೆ ನೋಡಿ.

ರಾಜೀವಿ


ಮಾರಿಸ್‌ಟೌನ್
೩ ಸೆಪ್ಟೆಂಬರ್ ೧೯೭೨

ಪೂಜ್ಯ ರಾಜಿ ಅಕ್ಕನವರಿಗೆ ನಮಸ್ಕಾರಗಳು.

ಆರು ವಾರ ಉತ್ತರಿಸಲಿಲ್ಲ. ಕ್ಷಮಿಸಬೇಕು. ತಪ್ಪು ನನ್ನದೆಂದು ತಿಳಿಯಲು ಒಂದು ವಾರ ಸಾಕಾಯಿತು. ಅದು ಯಾವ ತಪ್ಪು ಎಂದು ತಿಳಿಯಲು ಉಳಿದ ಐದು ವಾರ ಬೇಕಾದವು.

ಒಂದು ಗುರುತಿಗೆ ಒಂದೇ ಅರ್ಥವೆಂದು ನಾನು ಹಿಡಿದದ್ದೇ ತಪ್ಪು. ಮತ್ತೆ ಲೈಬ್ರರಿಗೆ ಹೋಗಿ, ಚಿತ್ರಗಳನ್ನು ಬಿಟ್ಟು ಅವುಗಳನ್ನು ಮಾಡಿದವರ ವಿಷಯ ಓದಿದೆ. ರೋಮಿನಲ್ಲಿ ಕ್ರೈಸ್ತರಿಗೆಂದು ಬೇರೆ ಅಂಗಡಿಗಳಿರಲಿಲ್ಲ. ಕುರಿ ಹೊತ್ತ ಕುರುಬನನ್ನು ಕೆತ್ತಿ ಇಟ್ಟಿರುತ್ತಿದ್ದರು. ಹಳೆಯ ದೇವರುಗಳವರೂ ಅದನ್ನೇ ಕೊಳ್ಳುತ್ತಿದ್ದರು, ಹೊಸ ನಂಬಿಕೆಯವರೂ ಅದನ್ನೇ ಕೊಳ್ಳುತ್ತಿದ್ದರು. ಕೊಂಡವರು ತಮ್ಮ ಅರ್ಥವನ್ನು ತಾವೇ ತಂದುಕೊಳ್ಳುತ್ತಿದ್ದರು. ನೋಡುವವರೂ ಹಾಗೆಯೇ. ಧಾರವಾಡದಲ್ಲಿ ನೋಡುವವರನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನವಿಲನ್ನು ಕೈಬಿಟ್ಟಿದ್ದೇನೆ.

ಓದುವಾಗ ಇನ್ನೊಂದು ಸಿಕ್ಕಿತು. ೧೯೫೫ರಲ್ಲಿ, ನಾವು ರುಜು ಹಾಕಿದ ವರ್ಷವೇ, ರೋಮಿನಲ್ಲಿ ಕಟ್ಟಡವೊಂದಕ್ಕೆ ತಳಪಾಯ ತೋಡುವಾಗ ನೆಲದಡಿ ಒಂದು ಸಮಾಧಿ ಕಂಡಿತು. ಕೆಲವೇ ಮನೆತನಗಳಿಗೆ ಸೇರಿದ್ದು. ಒಂದು ಕೋಣೆಯ ಗೋಡೆಯ ಮೇಲೆ ಸಿಂಹಗಳ ನಡುವೆ ಬೈಬಲಿನ ದಾನಿಯೇಲ. ಇನ್ನೊಂದು ಕೋಣೆಯಲ್ಲಿ ಗ್ರೀಕರ ಒಬ್ಬ ವೀರ, ಸತ್ತುಹೋದ ಹೆಂಗಸೊಬ್ಬಳನ್ನು ಕೈಹಿಡಿದು ಅವಳ ಗಂಡನ ಬಳಿಗೆ ಮರಳಿ ಕರೆತರುತ್ತಿದ್ದಾನೆ. ಮನೆಯಲ್ಲಿ ಕೆಲವರು ಹೊಸ ನಂಬಿಕೆಯವರು, ಕೆಲವರು ಹಳೆಯದರವರು ಇದ್ದಿರಬೇಕು, ಎಲ್ಲರೂ ಒಂದೇ ಕಡೆ ಮಲಗಿರಬೇಕು ಎಂದು ಕೆಲವು ವಿದ್ವಾಂಸರು ಊಹಿಸುತ್ತಾರೆ. ಊಹೆ ಮಾತ್ರ, ಪುರಾವೆಯಲ್ಲ. ಆ ಚಿತ್ರದ ಮುಂದೆ ನಾನು ಲೈಬ್ರರಿ ಮುಚ್ಚುವವರೆಗೂ ಕೂತಿದ್ದೆ.

ಈಗ ನಿಮ್ಮ ಪ್ರಶ್ನೆ. ಚರ್ಚಿನ ಒಳಗೆ ಕಾಲಿಟ್ಟಿರಲಿಲ್ಲ. ಇಲ್ಲಿಗೆ ಬಂದ ಆರು ವರ್ಷ ಪ್ರತಿ ಭಾನುವಾರ ಅವಳನ್ನು ಕರೆತಂದು, ಹತ್ತರಿಂದ ಹನ್ನೊಂದೂಕಾಲರವರೆಗೆ ಹೊರಗೆ ಕಾರಿನಲ್ಲಿ ಕೂತಿರುತ್ತಿದ್ದೆ. ಪತ್ರಿಕೆ ಓದುತ್ತಿದ್ದೆ. ಅವಳು ಒಳಗೆ ಕರೆಯಲಿಲ್ಲ. ಅದು ಅವಳದೇ ಆದ ಜಾಗ, ನಂಬಿಕೆಯಿಲ್ಲದವನು ಹೋಗಿ ಕೂರುವುದು ಅಗೌರವವೆಂದು ನಾನೂ ಹೋಗಲಿಲ್ಲ. ಫೆಬ್ರವರಿ ೧೨ರಂದು ಮೊದಲ ಸಲ ಹೋದೆ. ಎಲ್ಲಿ ಕೂರಬೇಕೆಂದು ತಿಳಿಯಲಿಲ್ಲ. ವಿಜಿ ಕೈ ಹಿಡಿದು ಮುಂದಿನ ಬೆಂಚಿಗೆ ಕರೆದೊಯ್ದಳು. ಈಗಲೂ ಅವಳು ಹೋಗುತ್ತಾಳೆ. ಈ ಪತ್ರವನ್ನೂ ಹಿಂದಿನವನ್ನೂ ನಾನು ಅದೇ ಕಾರಿನಲ್ಲಿ ಕೂತು ಬರೆದದ್ದು.

ಮೊದಲ ಪತ್ರದಲ್ಲಿ ಏಳನೆಯ ಅಂಶವೊಂದು ಇರಬೇಕಿತ್ತು. ಬೇಕೆಂದೇ ಬಿಟ್ಟಿದ್ದೆ. ಅವಳ ಪಕ್ಕದ ಜಾಗವನ್ನು ಸ್ಮಶಾನದವರು ಸೆಪ್ಟೆಂಬರ್ ೩೦ರವರೆಗೆ ನನಗಾಗಿ ಕಾಯ್ದಿರಿಸಿದ್ದಾರೆ. ಸಭೆಗೆ ಸೇರದವನಾದರೂ ಗಂಡನೆಂಬ ಕಾರಣಕ್ಕೆ ಅಲ್ಲಿ ಹೂಳಬಹುದಂತೆ. ಆದರೆ ಇಬ್ಬರಿಗೂ ಕಲ್ಲು ಒಂದೇ, ಗುರುತೂ ಒಂದೇ. ಅಂದರೆ ನಾನು ಹುಡುಕುತ್ತಿರುವುದು ಅವಳೊಬ್ಬಳದಲ್ಲ. ಇದನ್ನು ನಿಮಗೆ ಹೇಳಲು ಧೈರ್ಯವಾಗಲಿಲ್ಲ.

ಸೀಕಾಕಸ್‌ನಲ್ಲಿರುವ ಗೆಳೆಯ ಪ್ರಾಣೇಶನಿಗೆ ಮಾತ್ರ ತಿಳಿಸಿದೆ. "ಏನ್ರೀ ಗುರುರಾಜ್, ಮಣ್ಣಿಗೆ ಹೋಗ್ತೀರಾ? ನಿಮ್ಮ ಮನೇಲಿ ಯಾರನ್ನಾದ್ರೂ ಹೂಳಿದಾರಾ? ಯೋಚ್ನೆ ಮಾಡಿ, ಆಮೇಲೆ ರಿವರ್ಸ್ ಮಾಡೋಕಾಗಲ್ಲ" ಎಂದ. ಸುಡುವುದನ್ನೂ ರಿವರ್ಸ್ ಮಾಡಲು ಬರುವುದಿಲ್ಲ ಎಂದೆ. ಅವನು ಮಾತು ಬದಲಿಸಿದ. ಆದರೆ ಅವನ ಪ್ರಶ್ನೆ ಸರಿಯಾದದ್ದೇ. ನಮ್ಮ ಮನೆತನದಲ್ಲಿ ಯಾರೂ ಮಣ್ಣಿಗೆ ಹೋದವರಿಲ್ಲ.

ಆರು ವರ್ಷ ಬಾಗಿಲ ಹೊರಗೆ ಕೂತವನನ್ನು ಅವಳು ಪಕ್ಕಕ್ಕೆ ಬಯಸುತ್ತಿದ್ದಳೇ ಎಂಬುದು ನನಗೆ ಗೊತ್ತಿಲ್ಲ. ಕೇಳಲು ಉಳಿದವರು ನೀವೊಬ್ಬರೇ.

ಗುರುರಾಜ


ಧಾರವಾಡ
೧೬ ಸೆಪ್ಟೆಂಬರ್ ೧೯೭೨

ಪ್ರಿಯ ಗುರುರಾಜ,

ನಿಮ್ಮ ಪತ್ರ ಇವತ್ತು ಮುಂಜಾನೆ ಬಂತು. ಈ ಹೊತ್ತೇ ಅಂಚೆಗೆ ಹಾಕಿದರೆ ಮೂವತ್ತರೊಳಗೆ ಮುಟ್ಟೀತು ಅಂತ ಅಡಿಗೆ ಬಿಟ್ಟು ಕೂತಿದ್ದೇನೆ.

ನಾನೂ ಒಂದು ಬಚ್ಚಿಟ್ಟಿದ್ದೆ. ನಿರು ನನಗೆ ತಿಂಗಳಿಗೊಂದು ಪತ್ರ ಬರೆಯುತ್ತಿದ್ದಳು. ನಿಮ್ಮ ಮೇಲೆ ಸಿಟ್ಟಿತ್ತು, ಅದಕ್ಕೇ ಹೇಳಲಿಲ್ಲ. ಆ ಪತ್ರಗಳು ನನ್ನವು, ನಿಮಗೇಕೆ ಕೊಡಲಿ ಅನಿಸಿತ್ತು. ಅವುಗಳಲ್ಲಿ ಕಾರಿನ ಮಾತೂ ಇದೆ. ಓದಿದಾಗ ನಾನು ತಪ್ಪು ತಿಳಿದೆ. ಗಂಡಸು ಒಳಗೆ ಬರಲೊಲ್ಲ, ಹೊರಗೆ ಕಾವಲು ಕೂಡುತ್ತಾನೆ ಅಂದುಕೊಂಡೆ. ನಾಲ್ಕು ಮಂದಿಗೆ ಹಾಗೇ ಹೇಳಿದೆ ಕೂಡ. ಈಗ ಅದೇ ಪತ್ರ ತೆಗೆದು ಮತ್ತೆ ಓದಿದೆ. ೧೯೬೮ರ ಜನವರಿಯದು. ಇದ್ದದ್ದು ಇದ್ದಹಾಗೆ ಬರೆಯುತ್ತೇನೆ:

"ಇವತ್ತೂ ಇವರು ಥಂಡ್ಯಾಗ ಹೊರಗ ಕೂತಿದ್ರು. ಬಾ ಅಂತ ಒಂದ ಮಾತು ಅಂದ್ರ ಬಂದಬಿಡ್ತಾರ ಅಕ್ಕಾ, ನನಗ ಗೊತ್ತದ. ನನ್ನ ಸಲುವಾಗಿ ಬರ್ತಾರ, ನಂಬಿ ಅಲ್ಲ. ಅದಕ್ಕ ಕರಿಯೂದಿಲ್ಲ. ಆದ್ರ ಯಾವಾಗ್ಲೂ ಎಡಗಡೆ ಕಿಟಕಿ ಹತ್ರದ ಬೆಂಚಿನ್ಯಾಗ ಕೂಡ್ತೀನಿ. ಅಲ್ಲಿಂದ ಕಾರು ಕಾಣ್ತದ. ಪಾದ್ರಿ ಪ್ರಸಂಗ ಅರ್ಧ ಕೇಳ್ತೀನಿ, ಅರ್ಧ ಇವರು ಪೇಪರ್ ಮಗಚೂದು ನೋಡ್ತೀನಿ. ದೇವರು ಎರಡನ್ನೂ ಲೆಕ್ಕಕ್ಕ ತಗೋತಾನ ಬಿಡು."

ನೀವು ಕೇಳಿದ್ದಕ್ಕೆ ನನ್ನ ಹತ್ತಿರ ಇರುವ ಉತ್ತರ ಇದೇ. ಇನ್ನು ಅರ್ಥ ಮಾಡುವುದು ನಿಮಗೆ ಬಿಟ್ಟದ್ದು. ನಾನು ಒಮ್ಮೆ ತಪ್ಪಿದ್ದೇನೆ.

ನಿಮ್ಮ ಅಣ್ಣಂದಿರು ಏನಂದಾರು ಎಂಬ ಹೆದರಿಕೆ ನನಗೂ ಇದೆ. ನಮ್ಮ ಅಜ್ಜ ದಾಟಿದ ಬಾಗಿಲು ಎಂಥದು ಅಂತ ನನಗೆ ಗೊತ್ತು. ಯಾರಿಗೂ ಅದನ್ನು ದಾಟು ಅಂತ ಹೇಳುವವಳು ನಾನಲ್ಲ. ದಾಟುವುದೇ ಆದರೆ, ನಿಮ್ಮ ಪಟ್ಟಿಯಲ್ಲಿ ಕೈ ಎತ್ತಿ ನಿಂತ ಹೆಂಗಸು ಒಬ್ಬಳಿದ್ದಳಲ್ಲ, ಅವಳ ವಿಷಯ ನೀವು ಒಂದು ಸಾಲೂ ಬರೀಲಿಲ್ಲ. ಯಾಕೆ?

ನಿಮ್ಮ ಅಕ್ಕ
ರಾಜಿ


ಮಾರಿಸ್‌ಟೌನ್
೧ ಅಕ್ಟೋಬರ್ ೧೯೭೨

ಪೂಜ್ಯ ಅಕ್ಕನಿಗೆ ನಮಸ್ಕಾರಗಳು.

ನಿಮ್ಮ ಪತ್ರ ಬುಧವಾರ ತಲುಪಿತು. ಆಫೀಸಿಗೆ ಎರಡು ದಿನ ರಜೆ ಹಾಕಿದೆ. ಆರು ವರ್ಷದಲ್ಲಿ ಹೀಗೆ ರಜೆ ಹಾಕಿದ್ದು ಎರಡನೆಯ ಸಲ.

ಕೈ ಎತ್ತಿದ ಹೆಂಗಸಿನ ವಿಷಯ ಬರೆಯದಿದ್ದುದಕ್ಕೆ ಕಾರಣ, ಪಟ್ಟಿಯಲ್ಲಿ ಅವಳೆದುರಿನ ಸ್ಥಳವನ್ನು ನನಗೆ ತುಂಬಲಾಗಿರಲಿಲ್ಲ. ಕೆಲವರು ಅವಳನ್ನು ಸತ್ತವರ ಆತ್ಮವೆನ್ನುತ್ತಾರೆ, ಕೆಲವರು ಪ್ರಾರ್ಥನೆ ಎನ್ನುತ್ತಾರೆ. ಕ್ರೈಸ್ತರಿಗಿಂತ ಮೊದಲೇ ರೋಮಿನ ನಾಣ್ಯಗಳ ಮೇಲೆ ಅವಳು ನಿಂತಿದ್ದಳು. ಅಲ್ಲಿ ಅವಳ ಅರ್ಥ ಮನೆಯವರ ಮೇಲಿನ ನಿಷ್ಠೆ. ಇಷ್ಟೊಂದು ಅರ್ಥಗಳಿರುವುದನ್ನು ದೋಷವೆಂದು ಭಾವಿಸಿ ಬಿಟ್ಟಿದ್ದೆ.

ಗುರುವಾರ ನಕ್ಷೆ ಬರೆಯಲು ಕೂತೆ. ಪಂಪು ಬರೆಯುವ ಕೈಗೆ ಮನುಷ್ಯರು ಬರುವುದಿಲ್ಲ. ವಿಜಿ ನೋಡುತ್ತಾ ನಿಂತಿದ್ದು, "ಡ್ಯಾಡ್, ಶಿ ಲುಕ್ಸ್ ಲೈಕ್ ಎ ಫೋರ್ಕ್" ಎಂದಳು. ಪೆನ್ಸಿಲ್ ಅವಳ ಕೈಗೆ ಕೊಟ್ಟೆ. ನಾಲ್ಕನೆಯ ಕಾಗದದಲ್ಲಿ ಹೆಂಗಸು ಬಂದಳು. ಸೀರೆಯಲ್ಲ, ಗೌನೂ ಅಲ್ಲ, ನೇರವಾದ ಮಡಿಕೆಗಳು. ಮುಖ ಸಣ್ಣದು, ಕೈಗಳು ಅಗಲ. ಸ್ವಲ್ಪ ದೂರ ಹಿಡಿದು ನೋಡಿ, "ಶಿ ಈಸ್ ಕಾಲಿಂಗ್ ಸಮ್‌ಬಡಿ ಓವರ್" ಎಂದಳು. ಯಾರನ್ನು ಕರೆಯುತ್ತಿದ್ದಾಳೆ ಎಂದು ನಾನು ಕೇಳಲಿಲ್ಲ. ನಿಮ್ಮ ಪತ್ರವನ್ನು ನಾನು ಅವಳಿಗೆ ಓದಿ ಹೇಳಿರಲಿಲ್ಲ. ಅಂದು ಸಂಜೆ ಓದಿ ಹೇಳಿದೆ.

ಪಾದ್ರಿಗಳು ಒಪ್ಪಿದರು. ಕಾರ್ಮೈನ್ ಕಾಗದವನ್ನು ಬೆಳಕಿಗೆ ಹಿಡಿದು, "ಆರು ಇಂಚಿನಲ್ಲಿ ಹತ್ತು ಬೆರಳು! ಮಗಳಿಗೆ ಹೇಳಿ, ಮುಂದಿನ ಸಲ ಕೈಗವಸು ಹಾಕಿದ ಹೆಂಗಸನ್ನು ಬರೆಯಲಿ" ಎಂದು ಗೊಣಗಿದ. ಆಮೇಲೆ, ಇದೇ ಹೆಂಗಸನ್ನು ತನ್ನ ಅಜ್ಜಿ, ಒಮ್ಮೆ ಇಟಲಿಗೆ ಕರೆದೊಯ್ದಾಗ, ಊರಿನ ಹಳೆಯ ಗೋಡೆಯೊಂದರ ಮೇಲೆ ತೋರಿಸಿದ್ದಳೆಂದ. ಅಜ್ಜಿ ಏನು ಅರ್ಥ ಹೇಳಿದ್ದಳು ಎಂದು ಕೇಳಿದೆ. "ಅರ್ಥವೇ? ನೋಡು, ನಮ್ಮವಳು ಎಂದಳು. ಅಷ್ಟೇ" ಎಂದ.

ಹಿರಿಯ ಅಣ್ಣನಿಗೆ ಪ್ರತ್ಯೇಕ ಪತ್ರ ಬರೆದಿದ್ದೇನೆ. ಉತ್ತರ ಬರಬಹುದು, ಬರದಿರಬಹುದು. ಬಂದರೆ ಓದುತ್ತೇನೆ, ಅರ್ಜಿಯನ್ನು ಹಿಂತೆಗೆಯುವುದಿಲ್ಲ. ನನ್ನ ನಂಬಿಕೆ ಬದಲಾಗಿಲ್ಲ. ಬದಲಾಯಿತೆಂದು ಬರೆದರೆ ನಿಮಗೂ ಅವಳಿಗೂ ಸುಳ್ಳು ಹೇಳಿದಂತಾಗುತ್ತದೆ.

ನಿರ್ಧರಿಸಿದ್ದು ಇಷ್ಟು: ಪಕ್ಕದ ಜಾಗವನ್ನು ನಿನ್ನೆ ಬೆಳಿಗ್ಗೆ ನನ್ನ ಹೆಸರಿಗೆ ಬರೆಸಿಕೊಂಡೆ. ಕಲ್ಲಿನ ಮೇಲೆ ಕೈ ಎತ್ತಿ ನಿಂತ ಹೆಂಗಸು, ಕೆಳಗೆ ನಿರುಪಮಾಳ ಹೆಸರು, ಅದರ ಪಕ್ಕದಲ್ಲಿ ನನ್ನ ಹೆಸರು ಮತ್ತು ಹುಟ್ಟಿದ ವರ್ಷ ಇರುತ್ತವೆ. ನಾನು ಸತ್ತಾಗ ನನ್ನನ್ನು ಸುಡಬಾರದು, ಅಲ್ಲಿ ಹೂಳಬೇಕು ಎಂದು ಬರೆದು ರುಜು ಹಾಕಿದ್ದೇನೆ.

ಗುರುರಾಜ